ಮಾರಾಟಪಟ್ಟಿಯ ಗೆರೆ: ಅಮೆರಿಕದ ಜನಪ್ರಿಯ ಸಂಗೀತದಲ್ಲಿ ಪ್ರಕಾರನಾಮಗಳ ಪ್ರಶ್ನೆ

ಅಮೆರಿಕದ ಜನಪ್ರಿಯ ಸಂಗೀತದ ಚರಿತ್ರೆಯನ್ನು ನಿರೂಪಿಸುವ ಗ್ರಂಥಗಳು ಸಾಮಾನ್ಯವಾಗಿ ಅದನ್ನೊಂದು ವಂಶವೃಕ್ಷದ ರೂಪದಲ್ಲಿ ಮುಂದಿಡುತ್ತವೆ. ಕಪ್ಪು ಜನರ ದುಡಿಮೆಯ ಹಾಡು, ಭಕ್ತಿಗೀತೆಗಳಿಂದ ಬ್ಲೂಸ್. ಅಪಲೇಚಿಯನ್ ಬೆಟ್ಟಸೀಮೆಯ ಬಿಳಿಯರ ಲಾವಣಿಗಳಿಂದ ಕಂಟ್ರಿ. 1950ರ ದಶಕದ ನಡುವೆ ಈ ಎರಡು ಕೊಂಬೆಗಳು ಕೂಡಿ ರಾಕ್ ಅಂಡ್ ರೋಲ್. ಪಾಠ ಹೇಳಲು ಅನುಕೂಲವಾದ ನಿರೂಪಣೆಯಿದು. ಆದರೆ ಬ್ಲೂಸ್, ಕಂಟ್ರಿ ಎಂಬ ಹೆಸರುಗಳನ್ನು ನಾದದ ಲಕ್ಷಣ ಹೇಳುವ ಪಾರಿಭಾಷಿಕ ಪದಗಳೆಂದು ಭಾವಿಸುವುದರಲ್ಲಿಯೇ ಇದರ ಮೂಲದೋಷವಿದೆ. ಈ ಹೆಸರುಗಳ ಇಂದಿನ ವ್ಯಾಪ್ತಿ ಬಹುಮಟ್ಟಿಗೆ ನಿರ್ಧಾರವಾದದ್ದು 1920ರ ದಶಕದ ಗ್ರಾಮಫೋನ್ ಕಂಪನಿಗಳ ಮಾರಾಟಪಟ್ಟಿಗಳಲ್ಲಿ. ಹಾಡು ಹೇಗಿದೆ ಎಂಬುದಕ್ಕಿಂತ ಅದನ್ನು ಯಾರು ಕೊಂಡಾರು ಎಂಬ ಊಹೆಯೇ ಅಲ್ಲಿ ಮುಖ್ಯವಾಗಿತ್ತು.

1920ರ ಆಗಸ್ಟ್ 10ರಂದು ನ್ಯೂಯಾರ್ಕಿನಲ್ಲಿ ಮೇಮಿ ಸ್ಮಿತ್ ಅವರು ಓಕೆ ಕಂಪನಿಗಾಗಿ ಪೆರಿ ಬ್ರಾಡ್‌ಫರ್ಡ್ ಅವರ ರಚನೆಯಾದ ‘ಕ್ರೇಜಿ ಬ್ಲೂಸ್’ ಹಾಡಿದರು. ಕಪ್ಪು ಗಾಯಕಿಯೊಬ್ಬರ ದನಿಯಲ್ಲಿ ಹೊರಬಂದ ಮೊದಲ ಬ್ಲೂಸ್ ಮುದ್ರಿಕೆ ಇದೆಂದು ಎಣಿಸಲಾಗಿದೆ. ಅದರ ಅನಿರೀಕ್ಷಿತ ಮಾರಾಟದಿಂದ ಕಂಪನಿಗಳು ಕಲಿತ ಪಾಠ ಸಂಗೀತದ್ದಲ್ಲ. ಕಪ್ಪು ಜನರೂ ಹಣ ಕೊಟ್ಟು ಮುದ್ರಿಕೆ ಕೊಳ್ಳುತ್ತಾರೆ ಎಂಬುದು. ಅಲ್ಲಿಂದ ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಪಟ್ಟಿ ಬೆಳೆಯಿತು. 1923ರ ಜೂನ್‌ನಲ್ಲಿ ಅದೇ ಓಕೆ ಕಂಪನಿಯ ರಾಲ್ಫ್ ಪೀರ್ ಅವರು ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಅವರ ಪಿಟೀಲು ಮತ್ತು ಹಾಡನ್ನು ಮುದ್ರಿಸಿದರು. ಒತ್ತಾಯಿಸಿದವರು ಪೋಕ್ ಬ್ರಾಕ್‌ಮನ್ ಎಂಬ ಪೀಠೋಪಕರಣ ವ್ಯಾಪಾರಿ. ಈ ಮುದ್ರಿಕೆಯ ಯಶಸ್ಸಿನಿಂದ ಬಡ ಬಿಳಿಯರಿಗಾಗಿ ಇನ್ನೊಂದು ಪಟ್ಟಿ ಸಿದ್ಧವಾಯಿತು. ಅದಕ್ಕೆ ‘ಹಿಲ್‌ಬಿಲಿ’ ಎಂಬ, ಅರ್ಧ ಪರಿಹಾಸ್ಯದ ಹೆಸರು ಅಂಟಿಕೊಂಡಿತು.

ಈ ಚರಿತ್ರೆಯಲ್ಲಿ ಪೀಠೋಪಕರಣ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ. ಗ್ರಾಮಫೋನ್ ಆಗ ಮರದ ಪೆಟ್ಟಿಗೆಯಲ್ಲಿ ಕೂಡಿಸಿದ ಯಂತ್ರ. ಅದು ಮಾರಾಟವಾಗುತ್ತಿದ್ದುದು ಮೇಜು ಕುರ್ಚಿಗಳ ನಡುವೆ. ಮಾ ರೇನಿ ಅವರ ಹಾಡುಗಳನ್ನು ಹೊರತಂದ ಪ್ಯಾರಾಮೌಂಟ್ ಮುದ್ರಿಕೆಗಳ ಒಡೆತನ ವಿಸ್ಕಾನ್ಸಿನ್ ಚೇರ್ ಕಂಪನಿಯದು. ಪೆಟ್ಟಿಗೆ ಕೊಳ್ಳುವವನಿಗೆ ಅದರೊಳಗೆ ನುಡಿಸಲು ಏನಾದರೂ ಬೇಕಲ್ಲ! ಬ್ಲೂಸಿನ ಅನೇಕ ಅಮೂಲ್ಯ ದಾಖಲೆಗಳು ನಮಗೆ ಉಳಿದುಬಂದಿರುವುದರ ಹಿಂದೆ ಕುರ್ಚಿ ಮಾಡುವವರ ಈ ಲೆಕ್ಕಾಚಾರವಿದೆ.

ಗೆರೆ ಎಷ್ಟು ಬಿಗಿಯಾಗಿತ್ತು ಎಂಬುದನ್ನು ಕೊಲಂಬಿಯಾ ಕಂಪನಿಯ ಕ್ರಮಸಂಖ್ಯೆಗಳಲ್ಲಿ ಕಾಣಬಹುದು. ಅಲ್ಲಿ 14000ದ ಶ್ರೇಣಿ ಕಪ್ಪು ಗಿರಾಕಿಗಳಿಗೆ, 15000ದ ಶ್ರೇಣಿ ದಕ್ಷಿಣದ ಬಿಳಿಯ ಗಿರಾಕಿಗಳಿಗೆ. 1927ರಲ್ಲಿ ಆಲೆನ್ ಸಹೋದರರೆಂಬ ಬಿಳಿಯ ಜೋಡಿಯ ಬ್ಲೂಸ್ ಮುದ್ರಿಕೆ 14000ದ ಶ್ರೇಣಿಯಲ್ಲಿ ಹೊರಬಂದಿತು. ಕೆರಳಿದ ಸಹೋದರರು ಕೊಲಂಬಿಯಾವನ್ನು ತೊರೆದು ವಿಕ್ಟರ್ ಕಂಪನಿ ಸೇರಿದರು. ಕಂಪನಿಯವರ ಕಿವಿಗೆ ತಿಳಿಯದ ವ್ಯತ್ಯಾಸ ಸಮಾಜದಲ್ಲಿ ಮಾನಾಪಮಾನದ ಪ್ರಶ್ನೆಯಾಯಿತು. ನಾದವೇ ಈ ಪ್ರಕಾರಗಳನ್ನು ಬೇರ್ಪಡಿಸಿತ್ತು ಎನ್ನುವ ವಿದ್ವಾಂಸರು ಈ ನಿದರ್ಶನಕ್ಕೆ ಉತ್ತರ ಹೇಳಬೇಕಾಗುತ್ತದೆ.

ಪಟ್ಟಿಯಲ್ಲಿ ಬೇರೆಯಾದವರು ಬಾಳಿನಲ್ಲಿ ಬೇರೆಯಾಗಿರಲಿಲ್ಲ. ಕಂಟ್ರಿ ಸಂಗೀತದ ಆದಿಪುರುಷರೆನಿಸಿದ ಜಿಮಿ ರಾಜರ್ಸ್ ಅವರು 1930ರ ಜುಲೈನಲ್ಲಿ ‘ಬ್ಲೂ ಯೋಡೆಲ್’ ಮಾಲೆಯ ಒಂಬತ್ತನೆಯ ಹಾಡನ್ನು ಮುದ್ರಿಸುವಾಗ ತುತ್ತೂರಿ ನುಡಿಸಿದವರು ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೊ ಲಿಲ್ ಹಾರ್ಡಿನ್ ಆರ್ಮ್‌ಸ್ಟ್ರಾಂಗ್. ಮುದ್ರಿಕೆಯ ಮೇಲೆ ಇವರಿಬ್ಬರ ಹೆಸರಿಲ್ಲ. ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಅವರು ಹಾಡು ಸಂಗ್ರಹಿಸಲು ಊರೂರು ತಿರುಗುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು. ಕಾರ್ಟರ್ ಸಾಹಿತ್ಯವನ್ನು ಬರೆದುಕೊಳ್ಳುತ್ತಿದ್ದರು, ರಿಡಲ್ ಮಟ್ಟನ್ನು ನೆನಪಿನಲ್ಲಿಟ್ಟುಕೊಂಡು ಬರುತ್ತಿದ್ದರು. ಬಿಳಿಯರ ಪರಂಪರೆಯ ತಳಹದಿಯೆಂದು ಕೊಂಡಾಡಲಾದ ಹಾಡುಗಳಲ್ಲಿ ಎಷ್ಟು ಮಟ್ಟುಗಳು ಈ ನೆನಪಿನ ಮೂಲಕ ಬಂದವೋ! ನ್ಯಾಶ್‌ವಿಲ್ಲಿನ ‘ಗ್ರಾಂಡ್ ಓಲ್ ಓಪ್ರಿ’ ಬಾನುಲಿ ಕಾರ್ಯಕ್ರಮದ ಆರಂಭಕಾಲದ ತಾರೆಯರಲ್ಲಿ ಒಬ್ಬರಾದ ಡಿಫೋರ್ಡ್ ಬೇಲಿ, ಹಾರ್ಮೋನಿಕಾ ನುಡಿಸುತ್ತಿದ್ದ ಕಪ್ಪು ಕಲಾವಿದರು. 1941ರಲ್ಲಿ ಅವರನ್ನು ಅಲ್ಲಿಂದ ಕೈಬಿಡಲಾಯಿತು. ಕಂಟ್ರಿ ಸಂಗೀತದ ಗೌರವಮಂದಿರದಲ್ಲಿ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಕೊಂಡು ಎರಡು ದಶಕಗಳಾದ ಮೇಲೆ.

ವರ್ಗೀಕರಣದ ಪರಿಣಾಮ ಹೆಸರಿನಲ್ಲಿಯೇ ನಿಲ್ಲಲಿಲ್ಲ. ಕಪ್ಪು ವಾದಕನೊಬ್ಬ ಧ್ವನಿಮುದ್ರಣಕ್ಕೆ ಬಂದರೆ ಅವನಿಂದ ಬ್ಲೂಸನ್ನೇ ಕೇಳುತ್ತಿದ್ದರು. ಹಳ್ಳಿಯ ಕುಣಿತಕ್ಕೆ ಅವನು ನುಡಿಸುತ್ತಿದ್ದ ಪಿಟೀಲಿನ ಗತ್ತುಗಳು, ಚಲಾವಣೆಯಲ್ಲಿದ್ದ ಪ್ರೇಮಗೀತೆಗಳು ಮುದ್ರಣಕ್ಕೆ ಬೇಡವಾಗಿದ್ದವು. ಆಫ್ರಿಕದ ಮೂಲದಿಂದ ಬಂದ ಬ್ಯಾಂಜೊ ಬಿಳಿಯರ ವಾದ್ಯವೆಂದು ತೋರತೊಡಗಿದ್ದಕ್ಕೆ ಇದೂ ಒಂದು ಕಾರಣ. ಹೀಗೆ ಊಹೆಯಿಂದ ಹುಟ್ಟಿದ ಪಟ್ಟಿ, ತನಗೆ ಒಪ್ಪುವ ದಾಖಲೆಯನ್ನಷ್ಟೇ ಉಳಿಸಿ, ಮುಂದಿನ ಸಂಶೋಧಕನಿಗೆ ತಾನೇ ಪ್ರಮಾಣವಾಯಿತು.

ಈ ವಿಷಯದಲ್ಲಿ ಎರಡು ಗ್ರಂಥಗಳನ್ನು ಎದುರುಬದುರಾಗಿ ಇಟ್ಟು ಓದುವುದು ಪ್ರಯೋಜನಕರ. ಆಗ ಲೆರಾಯ್ ಜೋನ್ಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮಿರಿ ಬರಾಕಾ ಅವರ ‘ಬ್ಲೂಸ್ ಪೀಪಲ್’ (1963), ಗುಲಾಮಗಿರಿಯಿಂದ ನಗರವಾಸದವರೆಗೆ ಕಪ್ಪು ಜನರ ಸ್ಥಿತಿ ಬದಲಾದಂತೆ ಸಂಗೀತವೂ ಬದಲಾದ ಬಗೆಯನ್ನು ವಿವರಿಸುತ್ತದೆ. ಕಾರ್ಲ್ ಹ್ಯಾಗ್‌ಸ್ಟ್ರಾಮ್ ಮಿಲ್ಲರ್ ಅವರ ‘ಸೆಗ್ರಿಗೇಟಿಂಗ್ ಸೌಂಡ್’ (2010), ದಕ್ಷಿಣದ ಕಲಾವಿದರು ಬಣ್ಣಭೇದವಿಲ್ಲದೆ ಎಲ್ಲ ಬಗೆಯ ಹಾಡುಗಳನ್ನೂ ಹಾಡುತ್ತಿದ್ದರೆಂದೂ, ಅವರನ್ನು ವಿಂಗಡಿಸಿದ್ದರಲ್ಲಿ ಕಂಪನಿಗಳಂತೆ ಜಾನಪದ ವಿದ್ವಾಂಸರಿಗೂ ಪಾಲಿದೆಯೆಂದೂ ವಾದಿಸುತ್ತದೆ. ಪ್ರಕಾರಗಳ ಹುಟ್ಟಿನ ಮಟ್ಟಿಗೆ ಮಿಲ್ಲರ್ ಅವರ ವಾದವೇ ಹೆಚ್ಚು ಸಮರ್ಪಕವೆಂದು ನನಗೆ ತೋರುತ್ತದೆ. ಆದರೆ ಕೊಂಡವರ ಪಕ್ಷವನ್ನು ನೋಡುವಾಗ ಬರಾಕಾ ಬೇಕಾಗುತ್ತಾರೆ. ರೈಲಿನ ಪುಲ್‌ಮನ್ ಬೋಗಿಗಳ ಕಪ್ಪು ಪರಿಚಾರಕರು ಮುದ್ರಿಕೆಗಳನ್ನು ಹೊತ್ತೊಯ್ದು ದಕ್ಷಿಣದ ಊರುಗಳಲ್ಲಿ ಮಾರುತ್ತಿದ್ದರು. ಶಿಕಾಗೊಗೆ ವಲಸೆ ಹೋದವರು ಅವುಗಳಲ್ಲಿ ಬಿಟ್ಟುಬಂದ ಊರನ್ನು ಕೇಳಿಸಿಕೊಂಡರು. ಮಾರುಕಟ್ಟೆ ಎಳೆದ ಗೆರೆಯೊಳಗೆ ಜನ ತಮ್ಮದೊಂದು ಬಾಳನ್ನು ಕಟ್ಟಿಕೊಂಡರು. ಗೆರೆ ಕೃತಕವೆಂದಮಾತ್ರಕ್ಕೆ ಆ ಬಾಳು ಕೃತಕವಾಗುವುದಿಲ್ಲ.

ಎರಡನೆಯ ಶೋಧನೆ ನಡೆದದ್ದು 1960ರ ದಶಕದಲ್ಲಿ, ಈ ಸಲ ರಸಿಕರಿಂದ. 1936–37ರಲ್ಲಿ ಟೆಕ್ಸಾಸಿನಲ್ಲಿ ಹಾಡಿ 1938ರಲ್ಲಿ ತೀರಿಕೊಂಡ ರಾಬರ್ಟ್ ಜಾನ್ಸನ್ ಅವರ ಹಾಡುಗಳನ್ನು ಕೊಲಂಬಿಯಾ 1961ರಲ್ಲಿ ಸಂಪುಟವಾಗಿ ಹೊರತಂದಿತು. ಒಂಟಿ ಗಿಟಾರಿನ ನೊಂದ ಗಂಡಸು ಬ್ಲೂಸಿನ ಪ್ರತೀಕವಾದದ್ದು ಆ ಬಳಿಕ. ಸ್ವಂತ ಕಾಲದಲ್ಲಿ ಜಾನ್ಸನ್‌ರಿಗಿಂತ ಎಷ್ಟೋ ಪಾಲು ಪ್ರಸಿದ್ಧರಾಗಿದ್ದ ಬೆಸಿ ಸ್ಮಿತ್, ಮಾ ರೇನಿ ಮೊದಲಾದ ಗಾಯಕಿಯರು ರಂಗಭೂಮಿಯ ಥಳುಕಿನವರು, ಆದ್ದರಿಂದ ಅಷ್ಟು ‘ಅಪ್ಪಟ’ರಲ್ಲ ಎಂಬ ಭಾವನೆ ಬೆಳೆಯಿತು. ಸ್ವತಃ ಜಾನ್ಸನ್ ಸಿನಿಮಾ ಹಾಡು, ಪೋಲ್ಕಾ ಏನನ್ನು ಕೇಳಿದರೂ ನುಡಿಸುತ್ತಿದ್ದರೆಂದು ಅವರೊಡನೆ ತಿರುಗಿದ ಜಾನಿ ಶೈನ್ಸ್ ನೆನೆದಿದ್ದಾರೆ. ಅಪ್ಪಟತೆಯ ಈ ಹುಡುಕಾಟವನ್ನು ಕಂಪನಿಯ ವ್ಯಾಪಾರಬುದ್ಧಿಗಿಂತ ನಿರುಪದ್ರವಿಯೆಂದು ನಾನು ಎಣಿಸಲಾರೆ.

1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ‘ರೇಸ್’ ಎಂಬುದನ್ನು ಬಿಟ್ಟು, ಜೆರಿ ವೆಕ್ಸ್ಲರ್ ಅವರ ಸೂಚನೆಯಂತೆ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರನ್ನು ಬಳಕೆಗೆ ತಂದಿತು. ಹೆಸರು ಸಭ್ಯವಾಯಿತು, ಪಟ್ಟಿ ಬೇರೆಯಾಗಿಯೇ ಉಳಿಯಿತು. 2019ರಲ್ಲಿ ಅದೇ ಪತ್ರಿಕೆ ಲಿಲ್ ನಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’ ಹಾಡನ್ನು ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿದಾಗ, ಮತ್ತೆ 2024ರಲ್ಲಿ ಬಿಯಾನ್ಸೆ ಅವರು ಆ ಪಟ್ಟಿಯ ತುದಿಗೇರಿದ ಮೊದಲ ಕಪ್ಪು ಮಹಿಳೆಯಾದಾಗ ನಡೆದ ವಾದವಿವಾದಗಳು, ಆಲೆನ್ ಸಹೋದರರ ತಕರಾರಿನ ಮುಂದುವರಿಕೆಯೇ ಸರಿ.

ಕನ್ನಡದಲ್ಲಿ ಈ ಸಂಗೀತವನ್ನು ಕುರಿತು ಬರೆಯಹೊರಡುವವರಿಗೆ ಇಲ್ಲೊಂದು ಪ್ರಾಯೋಗಿಕ ತೊಡಕಿದೆ. ‘ರೇಸ್ ರೆಕಾರ್ಡ್ಸ್’ ಎಂಬುದನ್ನು ‘ಜನಾಂಗೀಯ ಮುದ್ರಿಕೆ’ ಎಂದರೆ ಕಿವಿಗೆ ನಿಂದೆಯಾಗಿ ಕೇಳಿಸುತ್ತದೆ. 1920ರ ದಶಕದ ಕಪ್ಪು ಪತ್ರಿಕೆಗಳಲ್ಲಾದರೋ ‘ರೇಸ್’ ಎಂಬುದು ಸ್ವಾಭಿಮಾನದ ಮಾತಾಗಿತ್ತು. ‘ಕಂಟ್ರಿ’ಯನ್ನು ‘ಗ್ರಾಮೀಣ ಸಂಗೀತ’ ಎಂದರೆ ಇನ್ನೊಂದು ಅಪಾರ್ಥ. ಜಾನ್ ಕಾರ್ಸನ್ ಅಟ್ಲಾಂಟಾದ ಹತ್ತಿಯ ಗಿರಣಿಯಲ್ಲಿ ದುಡಿದ ಮನುಷ್ಯ. ‘ಜಾನಪದ’ ಎಂದರಂತೂ, ಕರ್ತೃವಿಲ್ಲದ ಬಾಯ್ದೆರೆಯ ಹಾಡು ಎಂದು ನಮ್ಮಲ್ಲಿ ಆ ಪದಕ್ಕೆ ರೂಢವಾಗಿರುವ ಅರ್ಥವೆಲ್ಲ ಜೊತೆಗೆ ಬಂದುಬಿಡುತ್ತದೆ. ಪೆರಿ ಬ್ರಾಡ್‌ಫರ್ಡ್ ಅವರಂಥ ವೃತ್ತಿಪರ ರಚನಕಾರರು ಅಲ್ಲಿ ಮರೆಯಾಗುತ್ತಾರೆ. ಮೂಲದ ಹೆಸರನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡು, ಪ್ರತಿ ಮುದ್ರಿಕೆಗೂ ಅದರ ವರ್ಷ, ಕಂಪನಿ, ಶ್ರೇಣಿಯ ಸಂಖ್ಯೆಗಳನ್ನು ಜೊತೆಯಲ್ಲಿ ಕೊಡುವುದು ಸದ್ಯಕ್ಕೆ ಸುರಕ್ಷಿತವಾದ ಕ್ರಮವೆನ್ನಬಹುದು.