‘ದುರಸ್ತಿ’ ಎಂಬ ಮಾತು: ನೇರಳಾತೀತ ಕಿರಣ ಮತ್ತು ಡಿ.ಎನ್.ಎ. ಕುರಿತ ಕನ್ನಡ ಬರಹದ ಒಂದು ವಿಮರ್ಶೆ

ಕನ್ನಡದಲ್ಲಿ ವಿಜ್ಞಾನವನ್ನು ಹೇಳಬಹುದೇ ಎಂಬ ಪ್ರಶ್ನೆ ಇಂದು ಉಳಿದಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸಂಗಡಿಗರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗಲೇ ಅದಕ್ಕೆ ಉತ್ತರ ದೊರೆತಿತ್ತು. ಉಡುಪಿ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1959ರಿಂದ 1964ರವರೆಗೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಹೊರತಂದು ಆ ಉತ್ತರವನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಿರಪಡಿಸಿದರು. ಈಗ ನಮ್ಮ ಮುಂದಿರುವುದು ಬೇರೊಂದು ಪ್ರಶ್ನೆ: ನಾವು ಬಳಸುವ ಮಾತು ವಿಷಯವನ್ನು ತೋರಿಸುತ್ತಿದೆಯೇ, ಅಥವಾ ಮುಚ್ಚುತ್ತಿದೆಯೇ? ಈ ಪ್ರಶ್ನೆಯನ್ನು ಒಂದು ಸಣ್ಣ ಪ್ರಕರಣದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನೇರಳಾತೀತ ಕಿರಣವು ಡಿ.ಎನ್.ಎ.ಯನ್ನು ಕೆಡಿಸುತ್ತದೆ; ಸೂಕ್ಷ್ಮಜೀವಿಗಳು ಅದನ್ನು ದುರಸ್ತಿ ಮಾಡಿಕೊಳ್ಳುತ್ತವೆ; ಇದು ಕಾಲೇಜಿನ ಪಾಠಗಳಲ್ಲೂ ಜನಪ್ರಿಯ ಲೇಖನಗಳಲ್ಲೂ ಮತ್ತೆ ಮತ್ತೆ ಬರುವ ವಾಕ್ಯ. ವಾಕ್ಯ ಸುಳ್ಳಲ್ಲ. ಆದರೆ ಅದರಲ್ಲಿರುವ ‘ದುರಸ್ತಿ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಕ್ರಿಯೆಗಳನ್ನು ಒಂದೇ ಮುಸುಕಿನಲ್ಲಿ ಅಡಗಿಸಿದೆ ಎಂಬುದು ನಮ್ಮ ಆಕ್ಷೇಪ.

ಮೊದಲು ಕಿರಣದ ಹೆಸರನ್ನೇ ನೋಡೋಣ. ಕೆಲವರು ‘ಅತಿನೇರಳೆ’ ಎಂದೂ ಕೆಲವರು ‘ನೇರಳಾತೀತ’ ಎಂದೂ ಬರೆಯುತ್ತಾರೆ. ಎರಡನೆಯದು ಕನ್ನಡ ಸಂಸ್ಕೃತಗಳ ಬೆರಕೆ. ವೈಯಾಕರಣರು ಅದನ್ನು ಅರಿಸಮಾಸವೆಂದು ದೂಷಿಸಬಹುದು. ಆದರೂ ನಾವು ಅದನ್ನೇ ಒಪ್ಪುತ್ತೇವೆ. ‘ಅತಿನೇರಳೆ’ ಎಂದರೆ ತುಂಬ ಗಾಢವಾದ ನೇರಳೆ ಬಣ್ಣವೆಂದು ವಿದ್ಯಾರ್ಥಿ ತಿಳಿಯುವ ಸಂಭವವಿದೆ. ಪ್ರಯೋಗಶಾಲೆಯ ದೀಪದಲ್ಲಿ ಕಾಣುವ ಮಂದ ನೀಲಿ ಆ ತಪ್ಪು ತಿಳಿವಳಿಕೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ನಿಜಕ್ಕೂ ಈ ಕಿರಣ ಕಣ್ಣಿನ ಎಲ್ಲೆಯನ್ನು ಮೀರಿದುದು; ಅದರ ತರಂಗದೂರ 400 ನ್ಯಾನೋಮೀಟರಿಗಿಂತ ಕಡಮೆ. ಡಿ.ಎನ್.ಎ. ಅತ್ಯಧಿಕವಾಗಿ ಹೀರಿಕೊಳ್ಳುವುದು 260 ನ್ಯಾನೋಮೀಟರಿನ ಆಸುಪಾಸಿನ ಕಿರಣವನ್ನು. ಸೂರ್ಯನಿಂದ ಹೊರಟ ಈ ಭಾಗವನ್ನು ವಾಯುಮಂಡಲದ ಓಜೋನ್ ತಡೆಯುತ್ತದೆ. ಕಾಪುವಿನ ಕಡಲತಡಿಯಲ್ಲಿ ಬೇಸಗೆಯ ನಡುಹಗಲು ನಿಂತವನ ಮೈಗೆ ತಾಗುವುದು 280ರಿಂದ 315ರವರೆಗಿನ ಸ್ವಲ್ಪ ಭಾಗ ಮತ್ತು 315ರಿಂದ 400ರವರೆಗಿನ ಹೆಚ್ಚಿನ ಭಾಗ. ಮಣಿಪಾಲದಂಥ ಊರಿನ ಪ್ರಯೋಗಶಾಲೆಯಲ್ಲಿ ಕ್ರಿಮಿಶುದ್ಧಿಗಾಗಿ ಉರಿಸುವ ದೀಪ ಕೊಡುವುದು ಮುಖ್ಯವಾಗಿ 254 ನ್ಯಾನೋಮೀಟರಿನ ಕಿರಣ. ‘ಬಿಸಿಲಿನ ನೇರಳಾತೀತ’, ‘ದೀಪದ ನೇರಳಾತೀತ’ ಎಂಬ ಈ ವ್ಯತ್ಯಾಸವನ್ನು ಹೇಳದೆ ಮುಂದುವರಿಯುವ ಲೇಖನ ತಳಪಾಯದಲ್ಲೇ ಸಡಿಲವಾದದ್ದು.

ಇನ್ನು ಹಾನಿಯ ಮಾತು. ‘ಕಿರಣವು ಡಿ.ಎನ್.ಎ.ಯನ್ನು ತುಂಡರಿಸುತ್ತದೆ’ ಎಂದು ಬರೆಯುವ ರೂಢಿ ಇದೆ. ಗಾಮಾ ಕಿರಣಕ್ಕೆ ಒಪ್ಪುವ ಈ ಮಾತು ಇಲ್ಲಿ ಸಲ್ಲದು. ಡಿ.ಎನ್.ಎ.ಯ ಒಂದೇ ಎಳೆಯಲ್ಲಿ ಎರಡು ಥೈಮಿನ್ ಪ್ರತ್ಯಾಮ್ಲಗಳು ಅಕ್ಕಪಕ್ಕದಲ್ಲಿದ್ದಾಗ, ಕಿರಣದ ಶಕ್ತಿಯನ್ನು ಹೀರಿ ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎದುರಿನ ಎಳೆಯ ಅಡೆನಿನ್‌ನೊಡನೆ ಸಲೀಸಾಗಿ ಜೊತೆಗೂಡಬೇಕಾದವು ತಮ್ಮಲ್ಲೇ ಬೆಸೆದುಕೊಂಡು ಎಳೆಯನ್ನು ಡೊಂಕುಮಾಡುತ್ತವೆ. ಥೈಮಿನ್ ಜೋಡಿ ಎಂಬ ಈ ಸಂಯುಕ್ತವನ್ನು 1960ರಲ್ಲಿ ಹಾಲೆಂಡಿನ ಬ್ಯೂಕರ್ಸ್ ಮತ್ತು ಬೆರೆಂಡ್ಸ್ ಅವರು ಹೆಪ್ಪುಗಟ್ಟಿಸಿದ ಥೈಮಿನ್ ದ್ರಾವಣಕ್ಕೆ ಕಿರಣ ಹಾಯಿಸಿ ಬೇರ್ಪಡಿಸಿ ತೋರಿಸಿದರು. ಸೈಟೊಸಿನ್ ಕೂಡ ಇಂಥ ಬೆಸುಗೆಯಲ್ಲಿ ಸೇರಬಲ್ಲುದು. ಆದುದರಿಂದ ಇಲ್ಲಿ ನಡೆಯುವುದು ಹರಿಯುವಿಕೆಯಲ್ಲ, ಅಂಟಿಕೊಳ್ಳುವಿಕೆ. ‘ತುಂಡರಿಸು’ ಎಂಬಲ್ಲಿ ‘ಬೆಸೆ’ ಎಂದು ಬರೆದೊಡನೆ ಮುಂದಿನ ಕಥೆಯ ಅರ್ಧ ತಾನಾಗಿ ತಿಳಿಯುತ್ತದೆ: ಬೆಸೆದುದನ್ನು ಬಿಡಿಸಬಹುದು, ಇಲ್ಲವೆ ಕಿತ್ತು ತೆಗೆಯಬಹುದು, ಇಲ್ಲವೆ ಹಾಗೆಯೇ ದಾಟಿ ಹೋಗಬಹುದು. ಸೂಕ್ಷ್ಮಜೀವಿಗಳು ಈ ಮೂರನ್ನೂ ಮಾಡುತ್ತವೆ.

ಬಿಡಿಸುವುದು ಮೊದಲನೆಯದು. 1949ರಲ್ಲಿ ಅಮೆರಿಕದ ಆಲ್ಬರ್ಟ್ ಕೆಲ್ನರ್ ಅವರು ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಜೀವಿಯ ಮೇಲೆ ನೇರಳಾತೀತ ಕಿರಣ ಹಾಯಿಸಿ ನೋಡಿದಾಗ ಬದುಕಿ ಉಳಿದವುಗಳ ಸಂಖ್ಯೆ ಪ್ರಯೋಗದಿಂದ ಪ್ರಯೋಗಕ್ಕೆ ವಿಪರೀತವಾಗಿ ಬದಲಾಗುತ್ತಿದ್ದುದನ್ನು ಪ್ರಕಟಿಸಿದರು. ಉಷ್ಣತೆ ಕಾರಣವಿರಬಹುದೆಂದು ಅವರು ಮೊದಲು ಶಂಕಿಸಿದ್ದರು. ಕೊನೆಗೆ ಕಾರಣವೆಂದು ತಿಳಿದುಬಂದುದು ಸಾಧಾರಣ ಬೆಳಕು. ಅದೇ ವರ್ಷ ರೆನಾಟೊ ಡುಲ್ಬೆಕೊ ಅವರೂ ಬ್ಯಾಕ್ಟೀರಿಯಾಭಕ್ಷಕ ವೈರಸ್ಸುಗಳಲ್ಲಿ ಇದನ್ನೇ ಕಂಡರು. ಫೋಟೋಲೈಯೇಸ್ ಎಂಬ ಕಿಣ್ವವು ಬೆಸುಗೆಯ ಮೇಲೆ ಕುಳಿತು, ನೀಲಿ ಬೆಳಕನ್ನು ಹೀರಿ, ಎರಡು ಥೈಮಿನ್‌ಗಳನ್ನೂ ಮೊದಲಿನಂತೆಯೇ ಬೇರೆಮಾಡುತ್ತದೆ. ಇಲ್ಲಿ ಏನನ್ನೂ ತೆಗೆಯುವುದಿಲ್ಲ, ಏನನ್ನೂ ಸೇರಿಸುವುದಿಲ್ಲ. ಒಂದು ಬೆಳಕು ಕಟ್ಟಿದ ಗಂಟನ್ನು ಇನ್ನೊಂದು ಬೆಳಕು ಬಿಡಿಸುತ್ತದೆ. ಅಧ್ಯಾಪಕರಿಗೆ ಇದರಲ್ಲಿ ವ್ಯಾವಹಾರಿಕವಾದ ಎಚ್ಚರಿಕೆಯೂ ಇದೆ. ಕಿರಣ ತಾಗಿಸಿದ ತಟ್ಟೆಗಳನ್ನು ವಿದ್ಯಾರ್ಥಿಯೊಬ್ಬ ಕಿಟಕಿಯ ಬಳಿ ಇಟ್ಟರೆ, ಮತ್ತೊಬ್ಬ ಕಪ್ಪು ಕಾಗದದಲ್ಲಿ ಸುತ್ತಿಟ್ಟರೆ, ಇಬ್ಬರ ಲೆಕ್ಕವೂ ತಾಳೆಯಾಗದು. ಅದನ್ನು ಕೈತಪ್ಪೆಂದು ಗದರಿಸಿ ಬಿಡುವುದಕ್ಕಿಂತ ಅದನ್ನೇ ಪಾಠವಾಗಿ ಮಾಡುವುದು ಮೇಲು.

ಕಿತ್ತು ತುಂಬುವುದು ಎರಡನೆಯದು. ಇದಕ್ಕೆ ಬೆಳಕು ಬೇಡ. 1964ರಲ್ಲಿ ಸೆಟ್ಲೊ ಮತ್ತು ಕ್ಯಾರಿಯರ್ ಅವರೂ, ಬಾಯ್ಸ್ ಮತ್ತು ಹೊವರ್ಡ್-ಫ್ಲ್ಯಾಂಡರ್ಸ್ ಅವರೂ ಬೇರೆ ಬೇರೆಯಾಗಿ ಇದನ್ನು ಕಂಡರು. ಎಶ್ಚರಿಷಿಯ ಕೊಲೈಯಲ್ಲಿ ಯು.ವಿ.ಆರ್. ಎ, ಬಿ, ಸಿ ಎಂಬ ಪ್ರೋಟೀನುಗಳು ಡೊಂಕಾದ ಜಾಗವನ್ನು ಗುರುತಿಸಿ ಅದರ ಎರಡು ಮಗ್ಗುಲಲ್ಲೂ ಎಳೆಯನ್ನು ಕತ್ತರಿಸುತ್ತವೆ. 12 ಅಥವಾ 13 ಘಟಕಗಳ ತುಂಡು ಹೊರಬೀಳುತ್ತದೆ. ಎದುರಿನ ಎಳೆಯನ್ನು ನೋಡಿ ಪಾಲಿಮರೇಸ್ ಕಿಣ್ವ ತೆರಪನ್ನು ತುಂಬುತ್ತದೆ. ಲೈಗೇಸ್ ಕಿಣ್ವ ಕೊನೆಯ ಸಂದನ್ನು ಬೆಸೆಯುತ್ತದೆ. ಕಾರಂತರ ಸಂಪುಟಗಳ ಕಾಲವೂ ಈ ಶೋಧನೆಗಳ ಕಾಲವೂ ಒಂದೇ ಎಂಬುದನ್ನು ವಾಚಕರು ಗಮನಿಸಿರಬಹುದು. ಆದುದರಿಂದ ಈ ವಿಷಯಕ್ಕೆ ತಕ್ಕ ಮಾತುಗಳನ್ನು ಹಿರಿಯರು ಕೊಡಲಿಲ್ಲವೆಂದು ದೂರುವುದು ಅನ್ಯಾಯ. ಆ ಹೊಣೆ ಅವರ ನಂತರ ಬರೆದವರದು.

ಮೂರನೆಯದು ದಾಟಿ ಹೋಗುವುದು. ನಮ್ಮ ಬರಹಗಳು ಎಡವುವುದು ಮುಖ್ಯವಾಗಿ ಇಲ್ಲಿಯೇ. ಗಂಟು ಬಿಡಿಸುವ ಮೊದಲೇ ಡಿ.ಎನ್.ಎ.ಯ ಪ್ರತಿ ತೆಗೆಯುವ ಕೆಲಸ ಆರಂಭವಾದರೆ, ಮಾಮೂಲು ಪಾಲಿಮರೇಸ್ ಬೆಸುಗೆಯ ಮುಂದೆ ನಿಂತುಬಿಡುತ್ತದೆ. ಆಗ ತೆರವಾಗಿ ಉಳಿದ ಒಂಟಿ ಎಳೆಯನ್ನು ರೆಕ್ ಎ ಎಂಬ ಪ್ರೋಟೀನು ಸುತ್ತಿಕೊಳ್ಳುತ್ತದೆ. ಅದರ ಪ್ರೇರಣೆಯಿಂದ ಲೆಕ್ಸ್ ಎ ಎಂಬ ತಡೆ ಮುರಿದು, ಅದುವರೆಗೆ ಅಡಗಿದ್ದ ಅನೇಕ ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಎವೆಲಿನ್ ವಿಟ್ಕಿನ್, ಮಿರೊಸ್ಲಾವ್ ರಾಡ್ಮನ್ ಮೊದಲಾದವರು ವಿವರಿಸಿದ ಈ ಏರ್ಪಾಟಿಗೆ ಮುಳುಗುವ ಹಡಗಿನ ಕರೆಯ ಹೆಸರನ್ನೇ ಇಟ್ಟು ಎಸ್.ಓ.ಎಸ್. ಎನ್ನುತ್ತಾರೆ. ಕೊನೆಯ ಉಪಾಯವಾಗಿ ಐದನೆಯ ಪಾಲಿಮರೇಸ್ ಎಂಬ ಕಿಣ್ವ ಬಂದು ಬೆಸುಗೆಯ ಎದುರಿಗೆ ಏನಾದರೊಂದನ್ನು ಇಟ್ಟು ಮುಂದೆ ಸಾಗುತ್ತದೆ. ಬೆಸುಗೆ ಅಲ್ಲಿಯೇ ಉಳಿಯುತ್ತದೆ. ಇದನ್ನು ದುರಸ್ತಿ ಎನ್ನುವುದು ಹೇಗೆ?

ಈ ಮೂರರ ಅಂತರವನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಲು ದೂರದ ಉಪಮೆ ಬೇಕಿಲ್ಲ. ಓಲೆಗರಿಯ ಗ್ರಂಥ ಸಾಕು. ಕಾರ್ಕಳಕ್ಕೆ ನೆರೆಯ ಮೂಡುಬಿದಿರೆಯ ಬಸದಿಯಲ್ಲಿ ಕನ್ನಡ ಲಿಪಿಯ ‘ಧವಲಾ’ ಮೊದಲಾದ ಪ್ರತಿಗಳು ಉಳಿದುಬಂದುದನ್ನು ಎಲ್ಲರೂ ಬಲ್ಲರು. ಎರಡು ಗರಿಗಳು ಅಂಟಿಕೊಂಡಿವೆ ಎನ್ನೋಣ. ಅಕ್ಷರ ಕೆಡದಂತೆ ಅವನ್ನು ಬಿಡಿಸುವುದು ಒಂದು ಕೆಲಸ. ಕೆಟ್ಟ ಪಂಕ್ತಿಯನ್ನು ತೆಗೆದು ಪ್ರತ್ಯಂತರವನ್ನು ನೋಡಿ ಬರೆಯುವುದು ಎರಡನೆಯ ಕೆಲಸ. ಪ್ರತ್ಯಂತರವಿಲ್ಲದೆ, ನಕಲು ನಿಲ್ಲಬಾರದೆಂದು, ತ್ರುಟಿತವಾದಲ್ಲಿ ಲಿಪಿಕಾರ ತನಗೆ ತೋಚಿದ ಅಕ್ಷರವನ್ನು ಬರೆದು ಮುಂದೆ ಹೋಗುವುದು ಮೂರನೆಯದು. ಮೊದಲೆರಡರಿಂದ ಮೂಲಪಾಠ ಉಳಿಯುತ್ತದೆ; ಮೂರನೆಯದರಿಂದ ಪಾಠಾಂತರ ಹುಟ್ಟುತ್ತದೆ. ಗ್ರಂಥಸಂಪಾದನೆಯನ್ನು ಓದಿದ ಯಾವ ವಿದ್ಯಾರ್ಥಿಯೂ ಈ ಮೂರನ್ನು ಒಂದೇ ಹೆಸರಿನಿಂದ ಕರೆಯಲಾರ.

ಉಪಮೆಗೂ ಮಿತಿಯಿದೆ. ಲಿಪಿಕಾರನಿಗೆ ಅರ್ಥ ತಿಳಿದಿರುತ್ತದೆ; ಕಿಣ್ವಕ್ಕೆ ಅರ್ಥವಿಲ್ಲ. ಅದು ಬಲ್ಲುದು ಆಕಾರದ ಹೊಂದಿಕೆಯನ್ನು ಮಾತ್ರ. ‘ಬ್ಯಾಕ್ಟೀರಿಯ ಅಪಾಯವನ್ನರಿತು ಸೈನ್ಯ ಕಳುಹಿಸುತ್ತದೆ’ ಎಂಬಂಥ ವಾಕ್ಯಗಳನ್ನು ನಾವು ಒಪ್ಪದಿರುವುದು ಇದೇ ಕಾರಣದಿಂದ. ಓದಲು ಅವು ರಂಜಕ. ಆದರೆ ಅರಿವೂ ಸಂಕಲ್ಪವೂ ಇಲ್ಲದೆ ಇಷ್ಟು ಕ್ರಮವಾದ ಕೆಲಸ ಹೇಗೆ ನಡೆಯುತ್ತದೆ ಎಂಬ ನಿಜವಾದ ಆಶ್ಚರ್ಯವನ್ನು ಅವು ಓದುಗನಿಂದ ಕಸಿದುಕೊಳ್ಳುತ್ತವೆ.

ಇಷ್ಟಕ್ಕೆಲ್ಲ ಇಷ್ಟೊಂದು ವಾದವೇಕೆ ಎಂದು ಕೇಳಬಹುದು. ಉತ್ಪರಿವರ್ತನೆಯ ವಿಷಯ ಬಂದಾಗ ಇದರ ಫಲ ಕಾಣುತ್ತದೆ. ‘ಕಿರಣ ತಾಗಿದರೆ ಉತ್ಪರಿವರ್ತನೆಯಾಗುತ್ತದೆ’ ಎಂದು ವಿದ್ಯಾರ್ಥಿ ಬರೆಯುತ್ತಾನೆ, ಅಂಕವನ್ನೂ ಪಡೆಯುತ್ತಾನೆ. ಆದರೆ ಐದನೆಯ ಪಾಲಿಮರೇಸನ್ನು ಕೊಡುವ ಜೀನುಗಳು ಕೆಟ್ಟ ಎಶ್ಚರಿಷಿಯ ಕೊಲೈಗೆ ಕಿರಣ ತಾಗಿಸಿದರೆ, ಅದು ಸಾಯಬಹುದು, ಆದರೆ ಬದುಕಿದವುಗಳಲ್ಲಿ ಉತ್ಪರಿವರ್ತನೆ ಹೆಚ್ಚುವುದೇ ಅಪರೂಪ. ಅಂದರೆ ಕಿರಣ ಮಾಡಿದ್ದು ಗಂಟನ್ನು. ತಪ್ಪಕ್ಷರವನ್ನು ಬರೆದದ್ದು ಜೀವಕೋಶ. ಥೈಮಿನ್ ಜೋಡಿಯ ಎದುರಿಗೆ ಅಡೆನಿನ್ ಇಟ್ಟರೆ ಊಹೆ ಸರಿಹೋಗುತ್ತದೆ. ಸೈಟೊಸಿನ್ ಇದ್ದಲ್ಲಿ ಅಡೆನಿನ್ ಇಟ್ಟರೆ, ಮುಂದಿನ ಪ್ರತಿಯಲ್ಲಿ ಸೈಟೊಸಿನ್ ಹೋಗಿ ಥೈಮಿನ್ ನಿಲ್ಲುತ್ತದೆ. ನೇರಳಾತೀತದ ಗುರುತೆಂದು ಇಂದು ಹೇಳುವ ಬದಲಾವಣೆ ಇದೇ. ‘ದುರಸ್ತಿ’ ಎಂಬ ಮಾತನ್ನೇ ನೆಚ್ಚಿದವನಿಗೆ, ಉಳಿಯುವ ಪ್ರಯತ್ನದಿಂದಲೇ ಬದಲಾವಣೆ ಹುಟ್ಟುತ್ತದೆ ಎಂಬ ಈ ಮುಖ್ಯ ತತ್ತ್ವ ಎಂದಿಗೂ ಹೊಳೆಯದು.

ಇದು ಸೂಕ್ಷ್ಮಜೀವಿಗಳಿಗೆ ಮಾತ್ರ ಸೇರಿದ ವಿಚಾರವೂ ಅಲ್ಲ. ಮನುಷ್ಯನಲ್ಲಿ ಫೋಟೋಲೈಯೇಸ್ ಇಲ್ಲ. ಬಿಡಿಸುವ ದಾರಿ ನಮಗೆ ಮುಚ್ಚಿದೆ, ಕಿತ್ತು ತುಂಬುವ ದಾರಿಯೊಂದೇ ಗತಿ. ಆ ದಾರಿಯೂ ಹುಟ್ಟಿನಿಂದ ಕೆಟ್ಟಿದ್ದರೆ ಜೆರೊಡರ್ಮ ಪಿಗ್ಮೆಂಟೋಸಮ್ ಎಂಬ ರೋಗ ಬರುತ್ತದೆ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಅಂಥ ಮಕ್ಕಳಿಗೆ ಬಿಸಿಲೇ ಚರ್ಮದ ಅರ್ಬುದಕ್ಕೆ ಕಾರಣವಾಗುತ್ತದೆ. 1953ರಿಂದ ವೈದ್ಯವಿದ್ಯೆಯ ನೆಲೆಯಾದ ಮಣಿಪಾಲಕ್ಕೆ ಕನ್ನಡ ಶಾಲೆಗಳಿಂದ ಬರುವ ವಿದ್ಯಾರ್ಥಿ ಈ ಮೂರು ದಾರಿಗಳ ಭೇದವನ್ನು ತನ್ನ ನುಡಿಯಲ್ಲೇ ತಿಳಿದು ಬಂದಿದ್ದರೆ, ರೋಗಿಯ ತಾಯಿಗೆ ಅದನ್ನು ಹೇಳುವಾಗ ತಡವರಿಸಲಾರ.

ರಕ್ಷಣೆಯ ಇನ್ನೊಂದು ಬಗೆಯನ್ನೂ ಇಲ್ಲಿ ಸೂಚಿಸಬೇಕು. 1432ರಲ್ಲಿ ಗೊಮ್ಮಟಮೂರ್ತಿ ನಿಂತ ಕಾರ್ಕಳದಂಥ ಊರಿನ ಬಂಡೆಗಳಲ್ಲಿ ಮಳೆನೀರು ಇಳಿಯುವ ಜಾಡಿನಲ್ಲಿ ಕಾಣುವ ಕಪ್ಪು ಪಟ್ಟೆಗಳನ್ನು ನಾವು ಕೊಳೆಯೆಂದು ತಿಳಿಯುತ್ತೇವೆ. ಉಷ್ಣವಲಯದ ತೆರೆದ ಬಂಡೆಗಳ ಮೇಲಿನ ಇಂಥ ಪಟ್ಟೆ ಬಹುಮಟ್ಟಿಗೆ ನೀಲಿಹಸಿರು ಶೈವಲಗಳ ಹಾಸು. ಅವುಗಳಲ್ಲಿ ಹಲವು ತಮ್ಮ ಹೊರಗಿನ ಒರೆಯಲ್ಲಿ ಸೈಟೋನಿಮಿನ್ ಎಂಬ ಕಂದುಬಣ್ಣದ ವಸ್ತುವನ್ನು ತುಂಬಿ ನೇರಳಾತೀತವನ್ನು ಒಳಗೆ ಬಿಡದಂತೆ ತಡೆಯುತ್ತವೆ. ಇದು ದುರಸ್ತಿಯಲ್ಲ, ತಡೆ. ಇದಕ್ಕೂ ಬೇರೆ ಮಾತು ಬೇಕು.

ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು, ಒಂದೊಂದು ಶಬ್ದದ ಪ್ರಾದೇಶಿಕ ರೂಪಗಳನ್ನೂ ಅರ್ಥಚ್ಛಾಯೆಗಳನ್ನೂ ಬಿಡದೆ ದಾಖಲಿಸಿತು. ಮನೆಮಾತಿನ ಶಬ್ದಕ್ಕೆ ತೋರಿದ ಆ ಶ್ರದ್ಧೆಯನ್ನು ಶಾಸ್ತ್ರದ ಶಬ್ದಕ್ಕೂ ತೋರುವುದು ನಮ್ಮ ಕರ್ತವ್ಯ. ಹೊಸ ಸಂಸ್ಕೃತ ಪದಗಳನ್ನು ಟಂಕಿಸುವ ಅಗತ್ಯ ಇಲ್ಲಿಲ್ಲ. ತಡೆ, ಬಿಡಿಸು, ಕಿತ್ತು ತುಂಬು, ದಾಟು: ಈ ನಾಲ್ಕು ಕನ್ನಡದ ಮಾತುಗಳು ನಾಲ್ಕು ಕ್ರಿಯೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತವೆ. ‘ದುರಸ್ತಿ’ಯನ್ನು ನಡುವಿನ ಎರಡಕ್ಕೆ ಸಾಮಾನ್ಯ ಹೆಸರಾಗಿ ಉಳಿಸಿಕೊಳ್ಳೋಣ, ನಾಲ್ಕನೆಯದಕ್ಕೆ ಅದನ್ನು ಹಚ್ಚದಿರೋಣ. ಡಿ.ಎನ್.ಎ. ದುರಸ್ತಿಯ ಶೋಧಕ್ಕಾಗಿ ಲಿಂಡಾಲ್, ಮಾಡ್ರಿಚ್, ಸಂಜಾರ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು. ಅವರು ಕಷ್ಟಪಟ್ಟು ಬೇರ್ಪಡಿಸಿ ತೋರಿಸಿದುದನ್ನು ನಮ್ಮ ಮಾತಿನ ಸೋಮಾರಿತನದಿಂದ ಮತ್ತೆ ಕಲಸಿಹಾಕುವುದು ಸಲ್ಲದು. ಅಧ್ಯಾಪಕ ಮಿತ್ರರು ಬರುವ ವರ್ಷದ ಪಾಠದಲ್ಲಿ ಈ ಮಾತುಗಳನ್ನು ಬಳಸಿ ನೋಡಿ, ವಿದ್ಯಾರ್ಥಿಗಳ ಉತ್ತರದಲ್ಲಿ ಅಂತರ ಕಂಡರೆ ಇದೇ ಪುಟಗಳಲ್ಲಿ ತಿಳಿಸಬೇಕೆಂದು ಕೋರುತ್ತೇವೆ.