ಅವರು ಬಿಟ್ಟಿದ್ದು, ನಾವು ಉಟ್ಟಿದ್ದು

“ನವೆಂಬರ್ ಒಂದರಂದು ಸಿಬ್ಬಂದಿಯವರೆಲ್ಲರೂ ಕಡ್ಡಾಯವಾಗಿ ನಮ್ಮ ಸಾಂಪ್ರದಾಯಿಕ ಉಡುಪಿನಲ್ಲಿ ಹಾಜರಾಗತಕ್ಕದ್ದು.”

ದೇವದುರ್ಗ ತಾಲೂಕಿನ ಒಂದು ಶಾಲೆಯಲ್ಲಿ ನಾವು ಅತಿಥಿ ಶಿಕ್ಷಕರಾಗಿದ್ದಾಗ ನೋಟೀಸು ಪುಸ್ತಕದಲ್ಲಿ ಬಂದ ಸಾಲು ಇದು. ಎಲ್ಲರೂ ಓದಿ ಸಹಿ ಹಾಕಿದರು. ನಾವೂ ಹಾಕಿದೆವು. ಅತಿಥಿ ಶಿಕ್ಷಕರ ಸಹಿಗೆ ‘ಇಲ್ಲ’ ಅನ್ನುವ ತಾಕತ್ತು ಇರುವುದಿಲ್ಲ. ಆದರೆ ಆ ಸಾಲು ತಲೆಯಿಂದ ಹೋಗಲಿಲ್ಲ. ವಿಮರ್ಶೆ ಅಂದರೆ ಕವಿತೆ, ಕಾದಂಬರಿಗಳ ಮೇಲೆಯೇ ಬರೆಯಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. ನಮ್ಮ ಜನರನ್ನು ಆಳುವ ಬರಹ ಬರುವುದು ನೋಟೀಸು, ಸುತ್ತೋಲೆ, ಆದೇಶಗಳ ರೂಪದಲ್ಲಿ. ಆದ್ದರಿಂದ ಈ ಒಂದು ಸಾಲನ್ನೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಸಾಲಿನಲ್ಲಿ ಮೂರು ಪದಗಳು ಗಟ್ಟಿಯಾಗಿ ಕೂತಿವೆ: ಸಾಂಪ್ರದಾಯಿಕ, ನಮ್ಮ, ಕಡ್ಡಾಯ. ಒಂದೊಂದಾಗಿ ನೋಡೋಣ.

ಮೊದಲು ‘ಸಾಂಪ್ರದಾಯಿಕ’. ಆ ಭಾನುವಾರ ಮಾನ್ವಿ ಕಡೆಯ ನಮ್ಮೂರಿಗೆ ಹೋದಾಗ ಅವ್ವನನ್ನು ಕೇಳಿದೆವು: “ಅವ್ವಾ, ನಮ್ಮ ಸಾಂಪ್ರದಾಯಿಕ ಉಡುಪು ಯಾವುದು?” ಹತ್ತಿ ಬಿಡಿಸಿ ಬಂದು ಒಲೆ ಮುಂದೆ ಕೂತಿದ್ದ ಅವ್ವ, “ಹಂಗಂದ್ರೇನೋ?” ಎಂದಳು. ಹಿಂದಿನಿಂದ ನಮ್ಮ ಮಂದಿ ಉಟ್ಟುಕೊಂಡು ಬಂದದ್ದು ಎಂದು ಬಿಡಿಸಿ ಹೇಳಿದೆವು. ಅವ್ವ ನಕ್ಕಳು. “ನಮಗ ಯಾವ ಉಡುಪು ಇತ್ತೋ ಯಪ್ಪಾ? ಅವ್ರು ಬಿಟ್ಟಿದ್ದು ನಾವು ಉಟ್ಟಿದ್ದು. ನಿಮ್ಮ ಮುತ್ಯಾ ಮಣಕಾಲ ಕೆಳಗ ಧೋತ್ರ ಬಿಡ್ತಿದ್ದಿಲ್ಲ. ಗೌಡ್ರ ವಾಡೇದ ಮುಂದ ಹೋಗಬೇಕಂದ್ರ ಕೆರವು ಕೈಯಾಗ, ಟವಲ್ ಬಗಲಾಗ. ಅದನ್ನ ಉಟ್ಕೊಂಡು ಹೋಗ್ತೀ ಏನು ಸಾಲಿಗೆ?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನೋಟೀಸು ಬರೆದವರು ಹಿಂದಕ್ಕೆ ತಿರುಗಿದರೆ ಪೆಟ್ಟಿಗೆಯಲ್ಲಿ ಮಡಚಿಟ್ಟ ರೇಷ್ಮೆ ಕಾಣುತ್ತದೆ. ನಾವು ತಿರುಗಿದರೆ ಮೊಣಕಾಲ ಮೇಲಿನ ಧೋತರ ಕಾಣುತ್ತದೆ.

ಇದು ನಮ್ಮೊಂದು ಕೇರಿಯ ಕತೆಯಲ್ಲ. 1930ರ ಡಿಸೆಂಬರಿನಲ್ಲಿ ತಮಿಳು ನಾಡಿನ ರಾಮನಾಡು ಸೀಮೆಯಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ 8 ನಿಷೇಧಗಳನ್ನು ಹೇರಿದರು. ಗಂಡಸರು ಸೊಂಟದ ಮೇಲೆ, ಮೊಣಕಾಲ ಕೆಳಗೆ ಬಟ್ಟೆ ಉಡಬಾರದು. ಅಂಗಿ, ಕೋಟು, ಬನೀನು ತೊಡಬಾರದು. ಹೆಂಗಸರು ಮೈಮೇಲೆ ಸೆರಗು ಹೊದೆಯಬಾರದು. ಬೆಳ್ಳಿ ಬಂಗಾರ ಬೇಡ, ಹೂ ಬೇಡ, ಕೊಡೆ ಬೇಡ, ಚಪ್ಪಲಿ ಬೇಡ. ಮೀರಿದವರ ಗುಡಿಸಲು ಸುಟ್ಟರು, ದನಕರು ಲೂಟಿ ಮಾಡಿದರು. ಅದಕ್ಕೂ ಮುಂಚೆ, 1928ರಲ್ಲಿ, ಇಂದೋರಿನ ಹಳ್ಳಿಗಳಲ್ಲಿ ಬಲಾಯಿ ಜನರಿಗೆ ಜರಿ ಅಂಚಿನ ಪಟಗ ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು ಎಂದು ಫರ್ಮಾನು ಹೊರಡಿಸಿದ್ದನ್ನು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ಒಂದು ಅಂಚಿನ ಎರಡೆಳೆ ಜರಿಯಲ್ಲಿ ಅವರಿಗೆ ಧರ್ಮವೇ ಮುಳುಗುವುದು ಕಂಡಿತು!

ಉಡುಪು ಎಂಬುದು ಜಾತಿಯ ಬೋರ್ಡು ಎಂದು ಬಾಬಾಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಮಹಾಡಿನಲ್ಲಿ 1927ರ ಡಿಸೆಂಬರಿನಲ್ಲಿ ಮನುಸ್ಮೃತಿಯನ್ನು ಸುಟ್ಟ ಸಮ್ಮೇಳನದಲ್ಲಿ ಅವರು ಹೆಂಗಸರಿಗೆ ಬೇರೆಯಾಗಿ ಮಾತಾಡಿದರು. ಮೊಣಕಾಲ ಮೇಲೆ ಕಟ್ಟುವ ಸೀರೆಯನ್ನು ಬಿಡಿ, ಪಾದ ಮುಟ್ಟುವಂತೆ ಉಡಿ. ನೋಡಿದ ಕೂಡಲೇ ಜಾತಿ ಹೇಳುವ ಕೊರಳ ಸರ, ಕೈತುಂಬ ಕಡಗಗಳನ್ನು ತೆಗೆಯಿರಿ ಎಂದರು. ಸಂಪ್ರದಾಯವನ್ನು ಉಳಿಸಿರಿ ಎನ್ನಲಿಲ್ಲ, ಬಿಚ್ಚಿಹಾಕಿರಿ ಎಂದರು.

ಇದೆಲ್ಲ ಹಳೆಯ ಕಾಲದ ಮಾತು ಎಂದು ಯಾರಾದರೂ ಅಂದರೆ ಅವರು ಕಾನೂನಿನ ಪುಸ್ತಕ ತೆಗೆಯಲಿ. 1955ರ ಅಸ್ಪೃಶ್ಯತಾ ಕಾಯ್ದೆಯಲ್ಲಿಯೇ ಒಡವೆ ಮತ್ತು ಒಳ್ಳೆಯ ಉಡುಪು ತೊಡಲು ಅಡ್ಡಿಪಡಿಸುವುದು ಅಪರಾಧವೆಂದು ಬರೆದಿದೆ. ಅರವತ್ತು ವರ್ಷ ಕಳೆದು, 2015ರಲ್ಲಿ ದೌರ್ಜನ್ಯ ತಡೆ ಕಾಯ್ದೆಯನ್ನು ತಿದ್ದುವಾಗ, ದಲಿತರು ಸಾರ್ವಜನಿಕ ಸ್ಥಳದಲ್ಲಿ ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅದು ದೌರ್ಜನ್ಯ ಎಂದು ಮತ್ತೆ ಬರೆಯಬೇಕಾಯಿತು. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಹೊಸ ಬಟ್ಟೆ ಹಾಕಿಕೊಳ್ಳಲು ಪಾರ್ಲಿಮೆಂಟು ಕೂತು ಕಾನೂನು ಮಾಡಬೇಕಾದ ಜನ ನಾವು.

ನಮ್ಮ ನಾಡಿನ ಚಂದ್ರಗುತ್ತಿಯನ್ನು ಮರೆಯುವಂತಿಲ್ಲ. ಸೊರಬ ತಾಲೂಕಿನ ಆ ಗುಡ್ಡದ ರೇಣುಕಾಂಬೆಗೆ ಬೆತ್ತಲೆ ಸೇವೆ ಮಾಡುವುದು ಕೂಡ ‘ಸಂಪ್ರದಾಯ’ವೇ ಆಗಿತ್ತು. ಬೆತ್ತಲಾಗಿ ಗುಡ್ಡ ಹತ್ತುತ್ತಿದ್ದವರಲ್ಲಿ ನಮ್ಮ ಅಕ್ಕ ತಂಗಿಯರೇ ಬಹಳ. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಅದನ್ನು ತಡೆಯಲು ಹೋದರು. ಬಟ್ಟೆ ಉಡಿರೆಂದು ಹೇಳಹೋದವರ ಬಟ್ಟೆಯನ್ನೇ ಗುಂಪು ಕಿತ್ತಿತು. ಪೊಲೀಸರನ್ನು, ಮಹಿಳಾ ಪೊಲೀಸರನ್ನು ಕೂಡ ಬಿಡದೆ ಬೆತ್ತಲೆ ಮಾಡಿ ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ‘ಸಾಂಪ್ರದಾಯಿಕ’ ಎಂಬ ಪದವನ್ನು ಹಬ್ಬದ ಪದವೆಂದು ನಾವು ಓದಲಾರದ್ದು ಈ ಕಾರಣಕ್ಕೆ.

ಎರಡನೆಯದು ‘ನಮ್ಮ’. ನವೆಂಬರ್ ಒಂದು ಬಂತು. ಗಂಡಸರು ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಬಾಡಿಗೆಗೆ ತಂದ ಮೈಸೂರು ಪೇಟ ಇಟ್ಟಿದ್ದರು. ಹೆಂಗಸರು ಇಳಕಲ್ ಸೀರೆಯಲ್ಲಿದ್ದರು. ನಾವು ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು ಹಾಕಿ ಹೋಗಿದ್ದೆವು. ಹಿರಿಯರೊಬ್ಬರು ಕೇಳಿಯೇ ಬಿಟ್ಟರು: “ಯಾಕ್ರೀ ಸರ, ನಿಮಗ ಸಂಪ್ರದಾಯ ಇಲ್ಲೇನು?” ಕೇಳಿದವರು ಕೆಟ್ಟವರಲ್ಲ. ನಗುತ್ತಲೇ ಕೇಳಿದರು. ಆ ನಗುವಿನಲ್ಲೇ ನಾವು ‘ನಮ್ಮ’ ಎಂಬ ಪದದ ಹೊರಗೆ ನಿಂತಿದ್ದೆವು.

ಆದರೆ ಆ ಪೇಟವಾದರೂ ರಾಯಚೂರಿನದೇ? ಈ ಸೀಮೆ 1948ರ ಸೆಪ್ಟೆಂಬರಿನವರೆಗೆ ಹೈದರಾಬಾದಿನ ನಿಜಾಮರದು. ಕಚೇರಿಯ ಭಾಷೆ ಉರ್ದು, ದರಬಾರಿನ ಉಡುಪು ಶೇರವಾನಿ. ಮೈಸೂರಿನ ಜೊತೆ ಒಂದೇ ರಾಜ್ಯವಾಗಿ ಸೇರಿದ್ದು 1956ರ ನವೆಂಬರ್ ಒಂದಕ್ಕೆ. ಅಲ್ಲಿಯ ಅರಸರ ದರಬಾರಿನ ಪೇಟ ಇಲ್ಲಿಯ ಹಳ್ಳಿ ಶಾಲೆಯ ತಲೆಯ ಮೇಲೆ ‘ನಮ್ಮ ಪುರಾತನ ಸಂಪ್ರದಾಯ’ವಾಗಿ ಕೂತಿದೆ. ಅಧಿಕಾರ ಯಾವ ಊರಲ್ಲಿದೆಯೋ ಆ ಊರಿನ ಉಡುಪು ನಾಡಿನ ಉಡುಪಾಗುತ್ತದೆ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಕಡೆ ನೋಡಿದವರು ಈಗ ಬೇರೆ ದಿಕ್ಕಿಗೆ ನೋಡುತ್ತಿದ್ದಾರೆ, ಅಷ್ಟೆ.

ನಮ್ಮ ಜೊತೆಗೆ ತಾಂಡಾದಿಂದ ಬಂದ ಒಬ್ಬ ಶಿಕ್ಷಕಿ ಇದ್ದರು. ವರ್ಷವೆಲ್ಲ ಸೀರೆಯಲ್ಲಿ ಗಣಿತ ಕಲಿಸುವವರು. ಅವತ್ತು ಮಾತ್ರ “ನಿಮ್ಮ ಲಂಬಾಣಿ ಡ್ರೆಸ್ಸು ಹಾಕ್ಕೊಂಡು ಬರ್ರಿ, ಒಂದು ಡ್ಯಾನ್ಸ್ ಮಾಡ್ರಿ” ಎಂದರು. ಅವರ ತಾಯಿ ಫೇಟಿಯಾ, ಕಾಂಚಳಿ ತೊಟ್ಟೇ ರಸ್ತೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಅದು ಯಾರಿಗೂ ಕಲೆಯಾಗಿ ಕಂಡಿಲ್ಲ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಸಾಲಾಗಿ ಇಟ್ಟು ಗಿನ್ನಿಸ್ ದಾಖಲೆ ಮಾಡಿದರು. ಹೊಲಿದ ಕೈಗಳಿಗೆ ಗೌರವ ಬಂತು, ಸಂತೋಷ. ಆದರೆ ಪ್ರದರ್ಶನಕ್ಕೆ ಮಾತ್ರ ಬೇಕು, ಪಾಠದ ಕೋಣೆಗೆ ಬೇಡ ಅನ್ನುವ ಗೌರವ ಎಂಥದು? ಆ ಶಿಕ್ಷಕಿ ತಮ್ಮ ಮನಸ್ಸಿನಿಂದ ಫೇಟಿಯಾ ತೊಟ್ಟು ಒಂದು ಸೋಮವಾರ ಗಣಿತ ಕಲಿಸಲು ಬಂದರೆ ಅದೇ ಹಿರಿಯರು ಏನೆನ್ನುತ್ತಿದ್ದರು?

ಮೂರನೆಯದು ‘ಕಡ್ಡಾಯ’. ಬುರ್ಖಾ ತೊಟ್ಟು ಬಂದು, ಶಾಲೆಯಲ್ಲಿ ಅದನ್ನು ತೆಗೆದಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಪಾಠ ಮಾಡುವ ಇನ್ನೊಬ್ಬ ಶಿಕ್ಷಕಿಗೆ “ಇವತ್ತೊಂದಿನ ಆದ್ರೂ ಕನ್ನಡದವರಂಗ ಬರಬಾರದೇನು?” ಎಂಬ ಮಾತು ಬಂತು. ಅವರು ಹೇಳುತ್ತಿದ್ದುದು ಕನ್ನಡ ವ್ಯಾಕರಣ!

2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶ, ಅದರ ಬೆನ್ನಿಗೆ ಕಾಲೇಜು ಗೇಟುಗಳ ಮುಂದೆ ನಿಂತ ಹುಡುಗಿಯರು ನಮಗೆಲ್ಲ ನೆನಪಿದ್ದಾರೆ. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಇಬ್ಭಾಗವಾಯಿತು. ಇದು ಕೊನೆಗೆ ಆಯ್ಕೆಯ ಪ್ರಶ್ನೆ ಎಂದು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಬರೆದರು. ವಿದ್ಯಾರ್ಥಿಗಳಿಗೆಂದು ಶುರುವಾದದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಶಿಕ್ಷಕರಿಗೆ ಸಮವಸ್ತ್ರದ ನಿಯಮವೇ ಇಲ್ಲದಿದ್ದರೂ, ಹಿಜಾಬ್ ಬಿಡದ ಶಿಕ್ಷಕಿಯರಿಗೆ ಆ ವರ್ಷ ಪರೀಕ್ಷೆಯ ಕೆಲಸ ಕೊಡುವುದಿಲ್ಲವೆಂದು ಸರ್ಕಾರ ಹೇಳಿತು. ಆ ದಿನಗಳಲ್ಲಿ ಚಿಕ್ಕಮಗಳೂರಿನ ಸರ್ಕಾರಿ ಕಾಲೇಜಿನಲ್ಲಿ ದಲಿತ ಹುಡುಗರು ನೀಲಿ ಶಾಲು ಹೊದ್ದು, ಜೈಭೀಮ್ ಎನ್ನುತ್ತಾ ಆ ಹುಡುಗಿಯರ ಪರವಾಗಿ ನಿಂತರು. ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಮೈಮೇಲಿನ ಬಟ್ಟೆಗೆ ಇನ್ನೊಬ್ಬ ಕೈಹಾಕುವುದು ಹೇಗಿರುತ್ತದೆಂದು ಮನೆಯಲ್ಲೇ ಕೇಳಿ ಬೆಳೆದವರು ಅವರು.

ದೂರದ ದೇಶದಲ್ಲೂ ಈ ಜಗಳ ನಡೆದಿದೆ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಎಂಬ ಊರಲ್ಲಿ 1967ರಲ್ಲಿ ಸಿಖ್ ಬಸ್ ಕಾರ್ಮಿಕನೊಬ್ಬ ಗಡ್ಡ ಬಿಟ್ಟು ಪಗಡಿ ಕಟ್ಟಿ ಕೆಲಸಕ್ಕೆ ಬಂದಾಗ ಅವನನ್ನು ಮನೆಗೆ ಕಳಿಸಿದರು. ಎರಡು ವರ್ಷ ಹೋರಾಟವಾಯಿತು. 1969ರಲ್ಲಿ ನಿಷೇಧ ಹೋಯಿತು. ಪಗಡಿಯಿಂದ ಬಸ್ಸು ನಿಲ್ಲಲಿಲ್ಲ, ಟಿಕೇಟು ತಪ್ಪಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದು ಕಡೆ ಸಂಪ್ರದಾಯದ ಉಡುಪನ್ನು ಬಿಚ್ಚಿಹಾಕಿ ಎಂದವರನ್ನು ಹೊಗಳುತ್ತೀರಿ, ಇನ್ನೊಂದು ಕಡೆ ತೊಡುತ್ತೇವೆ ಎಂದವರ ಪರ ನಿಲ್ಲುತ್ತೀರಿ, ಇದೆಂಥ ನ್ಯಾಯ? ನಮ್ಮ ಉತ್ತರ ಇದು: ಉಡುವ ಹಕ್ಕು, ಬಿಡುವ ಹಕ್ಕು ಎರಡೂ ಒಂದೇ ಹಕ್ಕು. ಮಹಾಡಿನ ಹೆಂಗಸರು ಬಿಟ್ಟರು, ವುಲ್ವರ್‌ಹ್ಯಾಂಪ್ಟನ್ನಿನ ಕಾರ್ಮಿಕ ಉಟ್ಟ. ಇಬ್ಬರೂ ತಮ್ಮ ಮೈ ತಮ್ಮದೆಂದರು. ಮನೆಯಲ್ಲಿ ಗಂಡನೋ ಅಪ್ಪನೋ ಧರ್ಮಗುರುವೋ ಕಡ್ಡಾಯ ಮಾಡಿದರೆ ಅದನ್ನೂ ನಾವು ಒಪ್ಪುವುದಿಲ್ಲ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಗಾದೆ ಇದೆ. ನಮ್ಮ ಕೇರಿಗೆ ಊಟವೂ ಪರರ ಇಚ್ಛೆಯಾಗಿತ್ತು, ನೋಟವೂ ಪರರ ಇಚ್ಛೆಯಾಗಿತ್ತು. ಆ ಗಾದೆಯನ್ನು ಮಕ್ಕಳಿಗೆ ಕಲಿಸುವ ಮುಂಚೆ ‘ಪರರು’ ಅಂದರೆ ಯಾರು ಎಂದು ಕೇಳಬೇಕು.

ಇನ್ನು ಪಂಚೆಯನ್ನು ಪೂಜಿಸುವ ಈ ನಾಡು ಪಂಚೆ ಉಟ್ಟವನನ್ನು ಹೇಗೆ ಕಾಣುತ್ತದೆ? 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯೆಂದು ಒಬ್ಬ ರೈತನನ್ನು ತಡೆದರು. ಜುಲೈಯಲ್ಲಿ ಮಾಗಡಿ ರಸ್ತೆಯ ಒಂದು ಮಾಲ್‌ನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲಿ ಗದ್ದಲವಾಯಿತು, ಸರ್ಕಾರ 7 ದಿನ ಮಾಲ್ ಮುಚ್ಚಿಸುವುದಾಗಿ ಹೇಳಿತು. ಸರಿಯಾದ ಕೆಲಸ. ರಾಜ್ಯೋತ್ಸವದ ರೇಷ್ಮೆ ಪಂಚೆಗೆ ಕೈಮುಗಿಯುವವರು ದುಡಿಮೆಯ ಹತ್ತಿ ಪಂಚೆಗೆ ಬಾಗಿಲು ಹಾಕುತ್ತಾರೆ ಎಂಬುದು ಅವತ್ತು ಎಲ್ಲರಿಗೂ ಕಂಡಿತು. ಅದೇ ಸಿಟ್ಟು, ಹಳ್ಳಿಯಲ್ಲಿ ಹೊಸ ಅಂಗಿ ತೊಟ್ಟ ದಲಿತ ಹುಡುಗನನ್ನು ತಡೆದಾಗಲೂ ಬರಲಿ ಎನ್ನುತ್ತೇವೆ.

ಇಷ್ಟು ಹೇಳಿ ನಮ್ಮನ್ನು ನಾವು ಬಿಟ್ಟುಕೊಂಡರೆ ಈ ವಿಮರ್ಶೆ ಸುಳ್ಳಾಗುತ್ತದೆ. ರಾಯಚೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಒಮ್ಮೆ ಅವ್ವ ಹೊಲದಿಂದ ನೇರ ಬಸ್ಸು ಹತ್ತಿ ನಮ್ಮ ಹಾಸ್ಟೆಲಿಗೆ ಬಂದಳು. ಸೀರೆಯ ಮೇಲೆ ಅಪ್ಪನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವಲ್. ಒಣಗಿದ ಹತ್ತಿ ಕಾಯಿಯ ಮೊನೆ ಕೈ ಗೀರದಿರಲಿ, ಔಷಧ ಹೊಡೆದ ಎಲೆ ಮೈಗೆ ತಾಗದಿರಲಿ ಎಂದು ನಮ್ಮ ಹೆಂಗಸರೆಲ್ಲ ಹಾಗೇ ಹೊಲಕ್ಕೆ ಹೋಗುತ್ತಾರೆ. ಗೆಳೆಯರು ನೋಡುವ ಮುಂಚೆ ನಾವು ಓಡಿಹೋಗಿ, “ಆ ಅಂಗಿ ಬಿಚ್ಚವ್ವಾ” ಎಂದೆವು. ಅವ್ವ ಬಿಚ್ಚಿದಳು, ಮಡಚಿ ಕೈಚೀಲದಲ್ಲಿ ಇಟ್ಟಳು. ಏನೂ ಅನ್ನಲಿಲ್ಲ. ನೋಟೀಸು ಬರೆದವರಿಗೂ ನಮಗೂ ಅವತ್ತು ಎಷ್ಟು ಅಂತರವಿತ್ತು? ಬಾಬಾಸಾಹೇಬರ ನೀಲಿ ಸೂಟನ್ನು ಎದೆಯ ಮೇಲೆ ಹಾಕಿಕೊಂಡು ತಿರುಗುವ ನಮ್ಮಂಥ ಓದಿದ ಹುಡುಗರು ತಾಯಂದಿರ ದುಡಿಮೆಯ ಬಟ್ಟೆಗೆ ನಾಚಿದರೆ, ಆ ಸೂಟು ನಮಗೆ ಇನ್ನೊಂದು ಪೇಟ ಆಗುತ್ತದೆ.

ಗ್ರಾಮೀಣ ಶಿಕ್ಷಕ ಗೆಳೆಯರಿಗೆ ಒಂದು ಮಾತು. ಮುಂದಿನ ಸಲ ಅಂಥ ನೋಟೀಸು ಬಂದರೆ ‘ಕಡ್ಡಾಯ’ವನ್ನು ಹೊಡೆದುಹಾಕಲು ಕೇಳಿ. ‘ಸಿಬ್ಬಂದಿಯವರು ತಮಗೆ ಸರಿಕಂಡ ಉಡುಪಿನಲ್ಲಿ ಬರಬಹುದು’ ಎಂದು ಬರೆದರೆ ನಾಡಹಬ್ಬಕ್ಕೆ ಏನೂ ಕಡಿಮೆಯಾಗುವುದಿಲ್ಲ. ಪೇಟ ಇಡುವವರು ಇಡಲಿ, ತಲೆಗೆ ಬಟ್ಟೆ ಕಟ್ಟುವವರು ಕಟ್ಟಲಿ, ಪ್ಯಾಂಟು ಹಾಕುವವರನ್ನು ಸಂಪ್ರದಾಯ ಇಲ್ಲವೇ ಎಂದು ಕೇಳದಿರಲಿ. ಮತ್ತು ಆ ದಿನ ಹಾಜರಿ ಪುಸ್ತಕವನ್ನೂ ತೆರೆದು ನೋಡಿ. ನವೆಂಬರ್ ಅಂದರೆ ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ. ಅವತ್ತು ನಮ್ಮ ತರಗತಿಯಲ್ಲಿ ಅರ್ಧದಷ್ಟು ಹುಡುಗಿಯರು ಇರಲಿಲ್ಲ. ನಾವೆಲ್ಲ ಉಡುಪಿನ ಹಬ್ಬ ಮಾಡುವಾಗ ಅವರು ಟಂಟಂ ಹತ್ತಿ, ಯಾರದೋ ಉಡುಪಿನ ಹತ್ತಿ ಬಿಡಿಸಲು ಹೋಗಿದ್ದರು.

ಬರುವ ರಾಜ್ಯೋತ್ಸವಕ್ಕೆ ಬಾ ಎಂದು ಅವ್ವನನ್ನು ಕರೆದಿದ್ದೇವೆ. ಏನು ಉಟ್ಟು ಬರಬೇಕೆಂದು ಈ ಸಲ ಹೇಳಿಲ್ಲ. “ಅವತ್ತಿನ ಕೂಲಿ ಯಾರು ಕೊಡ್ತಾರೋ ಯಪ್ಪಾ?” ಎಂದು ಕೇಳಿದ್ದಾಳೆ.