ಆಯಿಯ ‘ಹೂಂ’ ಮತ್ತು ಕ್ಯಾಮೆರಾ: ಸಾಕ್ಷ್ಯದ ವೀಡಿಯೊ ದಾಖಲಾತಿ, ‘ಕೋರ್ಟ್’ ಸಿನಿಮಾ, ಗಡಿಭಾಗದ ಕನ್ನಡ

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಂಡಿದ್ದೇನೆ. ಇವತ್ತಿನ ನನ್ನ ವಿಷಯವೂ ಹೆಚ್ಚು ಕಡಿಮೆ ಇದೇ: ಆಡಿದ ಮಾತು ಕೇಳಿಸುತ್ತದೆಯೇ, ಕೇಳಿಸಿದ್ದು ಹಾಗೇ ದಾಖಲಾಗುತ್ತದೆಯೇ? ಸಾಕ್ಷಿ ಹೇಳುವುದನ್ನು ವೀಡಿಯೊದಲ್ಲಿ ಹಿಡಿದಿಟ್ಟರೆ ಈ ಪ್ರಶ್ನೆ ಬಗೆಹರಿಯುತ್ತದೆ ಎಂಬ ನಂಬಿಕೆ ಈಗ ಬೆಳೆಯುತ್ತಿದೆ. ಆ ನಂಬಿಕೆಯನ್ನು ಚೈತನ್ಯ ತಾಮ್ಹಾಣೆಯವರ ಮರಾಠಿ ಚಿತ್ರ ‘ಕೋರ್ಟ್’ (2014) ಮತ್ತು ತುಳುವಿನ ಸಿರಿ ಕಾವ್ಯದ ದಾಖಲಾತಿ, ಈ ಎರಡರ ಎದುರು ಇಟ್ಟು ನೋಡುತ್ತೇನೆ.

ಮೊದಲು ಮನೆಯ ಸಂಗತಿ. ನಾನು ಅಕ್ಕಲಕೋಟ ತಾಲೂಕಿನವಳು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ನಮ್ಮ ಹೊಲದ ವಾಟಣಿ ದಾವೆಯಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸಾಕ್ಷಿ ಹೇಳಿದ್ದಳು. ಆಕೆಗೆ ಮರಾಠಿ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಉಲಟತಪಾಸಣಿಯಲ್ಲಿ, ಅಂದರೆ ಪಾಟೀಸವಾಲಿನಲ್ಲಿ, ಎದುರು ಪಕ್ಷದ ವಕೀಲರು ‘ಆ ಹೊಲ ನಿಮ್ಮ ಮೈದುನನದ್ದೇ ಅಲ್ಲವೇ’ ಎಂದು ಕೇಳಿದರು. ಆಯಿಗೆ ಸಿಟ್ಟು ಬಂತು. “ಹೂಂನ್ರೀ, ಅಂವಂದ ಹೊಲ! ನಾವೆಲ್ಲಾ ಅವರ ಮನಿ ಆಳಗೋಳು!” ಅಂದಳು. ಕನ್ನಡ ಬಲ್ಲವರಿಗೆ ಇದು ವ್ಯಂಗ್ಯ ಅಂತ ಹೇಳಬೇಕಾಗಿಲ್ಲ. ಮರಾಠಿ ದಾಖಲೆಯಲ್ಲಿ ಉಳಿದದ್ದು ‘ಹೊಲ ಮೈದುನನದ್ದು ಎಂಬುದು ನಿಜ’ ಎಂಬ ಒಂದು ಸಾಲು. ಎರಡನೆಯ ವಾಕ್ಯ ಬರಲೇ ಇಲ್ಲ, ಅದು ಪ್ರಶ್ನೆಗೆ ಉತ್ತರವಲ್ಲವಲ್ಲ! ಆಯಿ ಹೆಬ್ಬೆಟ್ಟು ಒತ್ತಿದಳು. ಮುಂದೆ ಅಪೀಲಿನಲ್ಲಿ ನಮ್ಮದೇ ವಕೀಲರು, “ನಿಮ್ಮ ಅಜ್ಜೀನೇ ಒಪ್ಪಿಕೊಂಡಾರಲ್ರೀ” ಅಂದರು. ಅಷ್ಟೊತ್ತಿಗೆ ಆಯಿ ತೀರಿಕೊಂಡಿದ್ದಳು.

ವೀಡಿಯೊ ಇದ್ದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾನೂನು ಇದಕ್ಕೆ ಅಡ್ಡ ಬಂದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 4ನೇ ನಿಯಮದಂತೆ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ ನಡೆಯುತ್ತದೆ. ಸಾಕ್ಷ್ಯವನ್ನು ಬರವಣಿಗೆಯಲ್ಲಿ ಅಥವಾ ಯಂತ್ರದ ಮೂಲಕ ದಾಖಲಿಸಬಹುದು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಆರೋಪಿಯ ವಕೀಲರ ಸಮ್ಮುಖದಲ್ಲಿ ಸಾಕ್ಷ್ಯವನ್ನು ಧ್ವನಿ-ದೃಶ್ಯ ಸಾಧನದಿಂದ ದಾಖಲಿಸುವ ಅವಕಾಶ 2008ರ ತಿದ್ದುಪಡಿಯಿಂದ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 310ನೇ ಕಲಮು ಅದನ್ನು ಉಳಿಸಿಕೊಂಡಿದೆ. ಆದರೆ ಅಲ್ಲಿರುವುದು ‘ಮಾಡಬಹುದು’, ‘ಮಾಡತಕ್ಕದ್ದು’ ಅಲ್ಲ. ನಮಗೆ ಇನ್ನೂ ಮುಖ್ಯವಾದದ್ದು 312ನೇ ಕಲಮು. ಸಾಕ್ಷಿ ನ್ಯಾಯಾಲಯದ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ಹೇಳಿದರೆ, ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು. ಸಾಧ್ಯವಿಲ್ಲದಿದ್ದರೆ ವಿಚಾರಣೆ ನಡೆದ ಹಾಗೆಯೇ ನ್ಯಾಯಾಲಯದ ಭಾಷೆಗೆ ನಿಜವಾದ ಅನುವಾದ ಸಿದ್ಧಪಡಿಸಬೇಕು. ಗಡಿಭಾಗದ ಸಾಕ್ಷಿಯ ಭವಿಷ್ಯ ಈ ‘ಸಾಧ್ಯವಿದ್ದಲ್ಲಿ’ ಎಂಬ ಮಾತಿನ ಮೇಲೆ ನಿಂತಿದೆ.

ಈಗ ಸಿನಿಮಾಕ್ಕೆ ಬರುತ್ತೇನೆ. ‘ಕೋರ್ಟ್’ನಲ್ಲಿ ನಾರಾಯಣ ಕಾಂಬಳೆ ಎಂಬ ಲೋಕಶಾಹೀರನ ಮೇಲೆ ಒಂದು ವಿಚಿತ್ರ ಆರೋಪ: ಅವನ ಹಾಡು ಕೇಳಿ ಮುಂಬಯಿಯ ಗಟಾರ ಕಾರ್ಮಿಕನೊಬ್ಬ ಆತ್ಮಹತ್ಯೆ ಮಾಡಿಕೊಂಡ ಅಂತ. ಚಿತ್ರದಲ್ಲಿ ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷ್ ಒಟ್ಟಿಗೇ ಓಡಾಡುತ್ತವೆ. ಜನ ತಮಗೆ ಬಂದ ಹಾಗೆ ಮಾತಾಡುತ್ತಾರೆ, ನ್ಯಾಯಾಧೀಶರು ಅದನ್ನು ಸೋಸಿ ಬೆರಳಚ್ಚುಗಾರರಿಗೆ ಹೇಳಿ ಬರೆಸುತ್ತಾರೆ. ಸತ್ತ ಕಾರ್ಮಿಕನ ಹೆಂಡತಿಯ ಸಾಕ್ಷ್ಯ ಈ ಚಿತ್ರದ ಹೃದಯ ಅಂತ ನನ್ನ ಅಭಿಪ್ರಾಯ. ಗಂಡ ಗಟಾರಕ್ಕೆ ಇಳಿಯುವ ಮೊದಲು ಕಲ್ಲೊಂದು ಎಸೆದು, ಜಿರಲೆ ಹೊರಬಂದರೆ ಮಾತ್ರ ಒಳಗೆ ಉಸಿರಾಡಲು ಗಾಳಿ ಇದೆ ಎಂದು ತಿಳಿಯುತ್ತಿದ್ದ ಅಂತ ಆಕೆ ಹೇಳುತ್ತಾಳೆ. ಆಕೆಯ ದನಿಯಲ್ಲಿ ಏರಿಳಿತವಿಲ್ಲ, ಅಳುವಿಲ್ಲ. ಇದು ದಿನದ ಮಾತು ಅನ್ನುವಂತೆ ಹೇಳುತ್ತಾಳೆ. ಕಾಗದದ ಮೇಲೆ ಬಂದರೆ ಅದು ಒಂದು ಮಾಹಿತಿ. ನಮಗೆ ಅದು ಎದೆಗೆ ತಾಗುವುದು ಆ ನಿರ್ವಿಕಾರ ದನಿಯಿಂದ.

ಇಲ್ಲಿ ಒಂದು ಸುಲಭದ ತೀರ್ಮಾನವಿದೆ: ಕಾಗದ ಮಾತನ್ನು ಕೊಲ್ಲುತ್ತದೆ, ಕ್ಯಾಮೆರಾ ಉಳಿಸುತ್ತದೆ. ನಾನೂ ಮೊದಲು ಹಾಗೇ ಬರೆದಿದ್ದೆ. ಎರಡನೇ ಸಲ ಸಿನಿಮಾ ನೋಡಿದಾಗ ಕ್ಯಾಮೆರಾ ಎಲ್ಲಿದೆ ಅಂತ ಗಮನಿಸಿದೆ. ನ್ಯಾಯಾಲಯದ ದೃಶ್ಯಗಳಲ್ಲಿ ಅದು ಬಹುಪಾಲು ದೂರದಲ್ಲಿ ಅಲುಗಾಡದೆ ನಿಲ್ಲುತ್ತದೆ. ಕಟಕಟೆಯ ಜೊತೆಗೆ ವಕೀಲರು, ಗುಮಾಸ್ತರು, ಸುಮ್ಮನೆ ಕಾಯುತ್ತ ಕೂತವರು ಎಲ್ಲರೂ ಕಾಣುತ್ತಾರೆ. ಸಾಕ್ಷಿಯ ಮುಖವನ್ನಷ್ಟೇ ಹತ್ತಿರದಿಂದ ಹಿಡಿದಿದ್ದರೆ ಪ್ರಶ್ನೆ ಕೇಳುವವರ ಅಧಿಕಾರ ನಮಗೆ ಕಾಣುತ್ತಲೇ ಇರಲಿಲ್ಲ.

ಇದು ಸೌಂದರ್ಯಶಾಸ್ತ್ರದ ಪ್ರಶ್ನೆ ಮಾತ್ರವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಲ್ಯಾಸಿಟರ್ 1980ರ ದಶಕದಿಂದ ನಡೆಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ತಪ್ಪೊಪ್ಪಿಗೆಯ ವೀಡಿಯೊದಲ್ಲಿ ಆರೋಪಿ ಮಾತ್ರ ಕಂಡರೆ ಅದು ಸ್ವಂತ ಇಚ್ಛೆಯಿಂದ ಬಂದದ್ದು ಎಂದು ನೋಡುಗರು ಹೆಚ್ಚು ನಂಬುತ್ತಾರೆ. ವಿಚಾರಣೆ ಮಾಡುವವನೂ ಸಮನಾಗಿ ಕಂಡರೆ ಆ ನಂಬಿಕೆ ಇಳಿಯುತ್ತದೆ. ಮಾತು ಅದೇ, ಬದಲಾದದ್ದು ಚೌಕಟ್ಟು. ಅಲ್ಲಿ ಮೊಕದ್ದಮೆಗೆ ಮುಂಚೆಯೇ ಸಾಕ್ಷಿಯ ಹೇಳಿಕೆಯನ್ನು ವೃತ್ತಿಪರ ವೀಡಿಯೊಗ್ರಾಫರ್‌ಗಳಿಂದ ಚಿತ್ರೀಕರಿಸುವ ಪದ್ಧತಿ ಇದೆ. ಚಿತ್ರೀಕರಣದ ತಂತ್ರದಿಂದ ಸಾಕ್ಷಿಯ ಅಥವಾ ವಕೀಲರ ಚಹರೆ, ಹಾವಭಾವಗಳನ್ನು ವಿರೂಪಗೊಳಿಸಬಾರದು ಎಂದು ಫೆಡರಲ್ ಸಿವಿಲ್ ನಿಯಮ 30 ಸ್ಪಷ್ಟವಾಗಿ ಹೇಳುತ್ತದೆ. ಕ್ಯಾಮೆರಾ ತಟಸ್ಥವಲ್ಲ ಎಂದು ತಿಳಿದವರು ಬರೆದ ನಿಯಮ ಅದು.

ಸರಿ, ಚೌಕಟ್ಟು ಸರಿಯಾಯಿತು ಅನ್ನೋಣ. ಆಗಲೂ ಆಯಿಯ ‘ಹೂಂ’ ಏನಾಗುತ್ತದೆ? ವೀಡಿಯೊದಲ್ಲಿ ಸ್ವರ ಉಳಿಯುತ್ತದೆ. ಆದರೆ ಕನ್ನಡ ಬಾರದ ನ್ಯಾಯಾಧೀಶರಿಗೆ ಕೇಳಿಸುವುದು ಒಬ್ಬ ಮುದುಕಿ ಜೋರು ಮಾಡಿದ್ದು ಮಾತ್ರ. ‘ಅಂವಂದ’ ಎಂಬಲ್ಲಿ ಕೊನೆಯ ಅಕ್ಷರದ ಮೇಲೆ ಬಿದ್ದ ಒತ್ತು ವ್ಯಂಗ್ಯವೋ ಒಪ್ಪಿಗೆಯೋ ಅಂತ ಹೇಳಲು ನಮ್ಮ ಕಡೆಯ ಕನ್ನಡ ಬಲ್ಲ ಕಿವಿ ಬೇಕು. ನ್ಯಾಯಾಲಯ ಕೊನೆಗೆ ಓದುವುದು ಪಠ್ಯವನ್ನೇ.

ಈ ಕಷ್ಟ ನಮ್ಮ ಜಾನಪದ ಅಧ್ಯಯನಕ್ಕೆ ಹೊಸದಲ್ಲ. 1990ರಲ್ಲಿ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೊಂಕೊ ಅವರ ತಂಡ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಧ್ವನಿ ಮತ್ತು ವೀಡಿಯೊ ಎರಡರಲ್ಲೂ ದಾಖಲಿಸಿತು. ಅದು 15,683 ಸಾಲುಗಳ ಪುಸ್ತಕವಾಗಿ ಬಂದದ್ದು 1998ರಲ್ಲಿ. ತುಳು ಪಠ್ಯ ಮತ್ತು ಇಂಗ್ಲಿಷ್ ಅನುವಾದ ಎರಡೂ ಅದರಲ್ಲಿವೆ. ಮಾತು ಪಠ್ಯವಾಗುವ ಬಗೆಯನ್ನೇ ಕುರಿತು ಹೊಂಕೊ ಒಂದು ಪ್ರತ್ಯೇಕ ಸಂಪುಟ ಬರೆದರು. ಒಂದು ಕಾವ್ಯಕ್ಕೆ ನಾವು ಕೊಟ್ಟ ಎಂಟು ವರ್ಷದ ತಾಳ್ಮೆಯಲ್ಲಿ ಎಂಟು ನಿಮಿಷವನ್ನಾದರೂ ಒಬ್ಬ ಸಾಕ್ಷಿಯ ಮಾತಿಗೆ ಕೊಡಬೇಕು ಎಂಬುದೇ ನನ್ನ ವಾದ.

ಹಾಗಾಗಿ ನನ್ನ ಬೇಡಿಕೆಗಳು ಮೂರು. ಒಂದು, ನ್ಯಾಯಾಲಯದ ಭಾಷೆ ಆಡದ ಸಾಕ್ಷಿಯ ಹೇಳಿಕೆಗೆ ವೀಡಿಯೊ ಕಡ್ಡಾಯವಾಗಲಿ, ಪ್ರಶ್ನೆ ಕೇಳುವವರೂ ಚೌಕಟ್ಟಿನಲ್ಲಿರಲಿ. ಎರಡು, ಸಾಕ್ಷಿಯ ಮಾತು ಆಕೆಯದೇ ಭಾಷೆಯಲ್ಲಿ ಮೊದಲು ಬರಹಕ್ಕೆ ಇಳಿಯಲಿ, ಅನುವಾದ ಅದರ ಪಕ್ಕದಲ್ಲಿರಲಿ. ಮೂರು, ಈ ಕೆಲಸಕ್ಕೆ ಆ ಭಾಗದ ಆಡುಮಾತು ಬಲ್ಲವರನ್ನೇ ತಯಾರು ಮಾಡಲಿ. ಕನ್ನಡ ಎಂ.ಎ. ಮಾಡಿ ಏನು ಮಾಡ್ತೀರಿ ಅಂತ ನಮ್ಮನ್ನು ಕೇಳುವವರಿಗೆ ಇದೂ ಒಂದು ಉತ್ತರ.

ಚರ್ಚೆಯಲ್ಲಿ ಕಾಸರಗೋಡಿನ ಗೆಳತಿಯೊಬ್ಬರು, “ಹಳ್ಳಿಯ ಹೆಂಗಸರು ಕ್ಯಾಮೆರಾ ಕಂಡರೆ ಬಾಯಿ ಕಟ್ಟಿ ಕೂರುವುದಿಲ್ಲವೇ? ನಮ್ಮಲ್ಲಿ ತುಳು ಮಾತಾಡುವ ಸಾಕ್ಷಿಗೆ ಕನ್ನಡವೇ ಎರಡನೆಯ ಭಾಷೆ. ಅವರ ಗತಿ ಏನು?” ಎಂದು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ನಮ್ಮ ಆಯಿಯೂ ಫೋಟೋ ಅಂದರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ವೀಡಿಯೊ ಏಕೆ, ಯಾರು ನೋಡುತ್ತಾರೆ ಎಂಬುದನ್ನು ಸಾಕ್ಷಿಗೆ ಅವರ ಭಾಷೆಯಲ್ಲೇ ಮೊದಲು ತಿಳಿಸಬೇಕು. ತುಳುವಿನ ಸಾಕ್ಷಿಗೆ ತುಳು ಪಠ್ಯವೇ ಬೇಕು, ಕನ್ನಡದ್ದಲ್ಲ. ಮರಾಠಿಯ ಎದುರು ನಾನು ಕೇಳುವುದನ್ನು ಕನ್ನಡದ ಎದುರು ತುಳುವಿಗೆ ಕೊಡದಿದ್ದರೆ ನನ್ನ ವಾದಕ್ಕೆ ಅರ್ಥವಿಲ್ಲ. ಇದನ್ನು ನನ್ನ ಮೂಲ ಬರಹದಲ್ಲಿ ಬಿಟ್ಟಿದ್ದೆ, ಈಗ ಸೇರಿಸಿದ್ದೇನೆ.